ಕಾರಿನ ಕೆಲಸಕ್ಕೂ ಒಂದು ಮಡಿ

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಇಕ್ಕಳ ಸಿಗುತ್ತಿರಲಿಲ್ಲ. ಅವ್ವ ಕುದಿಯುವ ಬೇಳೆಯ ಪಾತ್ರೆಯನ್ನು ಸೆರಗಿನಿಂದಲೇ ಹಿಡಿದು ಇಳಿಸಲು ಹೋಗಿ, ಬೆರಳು ಸುಟ್ಟುಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅಂಗಳಕ್ಕೆ ಬರುತ್ತಿದ್ದಳು. ಅಂಗಳದಲ್ಲಿ ಬೇವಿನ ಮರದ ಕೆಳಗೆ ಕಾರು, ಕಾರಿನ ಕೆಳಗೆ ಅಪ್ಪ. ಹೊರಗೆ ಕಾಣುತ್ತಿದ್ದುದು ಅವರ ಕಾಲುಗಳು ಮಾತ್ರ. ಅವ್ವ ಆ ಕಾಲುಗಳ ಜೊತೆಗೇ ಮಾತಿಗೆ ನಿಲ್ಲುತ್ತಿದ್ದಳು.

"ಏನ್ರಿ, ಇಕ್ಕಳ ಎಲ್ಲೈತ್ರಿ?"

"ನನ್ನ ಕೈಯಾಗ ಐತಿ. ಈಗ ಬಿಟ್ರ ನಟ್ಟು ಹೊಳ್ಳಿ ಹೋಗ್ತೈತಿ."

"ನಟ್ಟು ಹೋಗ್ಲಿ. ಅಲ್ಲಿ ಬ್ಯಾಳಿ ಹೊತ್ತಾಕ ಹತ್ತೈತಿ."

ಇದು ಜಗಳ ಎಂದು ನಮಗೆ ಯಾರಿಗೂ ಅನ್ನಿಸುತ್ತಿರಲಿಲ್ಲ. ಉಳಿದ ಮನೆಗಳಲ್ಲಿ ಭಾನುವಾರ ಎಣ್ಣೆಸ್ನಾನ ಇದ್ದ ಹಾಗೆ ನಮ್ಮಲ್ಲಿ ಇದು ಇತ್ತು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಬಳ್ಳಾರಿಯ ಮಾತು. ಕೌಲ್ ಬಜಾರಿಗೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಮನೆ. ಕಲ್ಲಿನ ದಪ್ಪ ಗೋಡೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡರೆ ಹೊರಗಿನ ಕೆಂಡದಂಥ ಬಿಸಿಲು ಒಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಪಡಸಾಲೆಯಲ್ಲಿ ಅಪ್ಪನ ಕಕ್ಷಿದಾರರು ಕೂಡುವ ಬೆಂಚು, ಅದರ ಪಕ್ಕಕ್ಕೆ ದೇವರ ಮನೆ, ಹಿಂದೆ ಅಡುಗೆ ಮನೆ. ಅಂಗಳದ ಒಂದು ಮಗ್ಗುಲಿಗೆ ಕೊಟ್ಟಿಗೆ. ಅಜ್ಜ ತೀರಿಕೊಂಡ ಮೇಲೆ ದನ ಕಟ್ಟುವವರಿಲ್ಲದೆ ಅದು ಖಾಲಿ ಬಿದ್ದಿತ್ತು. ಸಗಣಿ ಕುಳ್ಳು, ಮುರಿದ ತೊಟ್ಟಿಲು, ಹಳೆಯ ನೊಗ, ಮನೆಯವರು ಎಸೆಯಲು ಮನಸ್ಸಿಲ್ಲದ ಎಲ್ಲವೂ ಅಲ್ಲಿ ಸೇರಿಕೊಂಡಿದ್ದವು. ಕಾರೂ ಅಜ್ಜನದೇ. ಹತ್ತಿ ಗಿರಣಿಯ ಸಾಹುಕಾರರೊಬ್ಬರು ಹೊಸದು ಕೊಂಡಾಗ ಅವರಿಂದ ಈ ಹಳೆಯದನ್ನು ತಂದಿದ್ದರಂತೆ. ಕಪ್ಪು ಬಣ್ಣ, ಗುಂಡು ಮೂತಿ. ಇಡೀ ಓಣಿಗೆ ಒಂದೇ ಕಾರು. ಹೀಗಾಗಿ "ಕಾರಿನವರ ಮನಿ" ಅಂದರೆ ಸಾಕು, ಜಟಕಾದವನು ಸರಿಯಾಗಿ ತಂದು ಇಳಿಸುತ್ತಿದ್ದ.

ಅಪ್ಪ ವಕೀಲರು. ಕೋರ್ಟಿನಲ್ಲಿ ಒಂದು ಕಾಗದ ಹಿಂದುಮುಂದಾದರೆ ಗುಮಾಸ್ತನ ಜೀವ ಹಿಂಡುತ್ತಿದ್ದ ಮನುಷ್ಯ, ಕಾರಿನ ವಿಷಯದಲ್ಲಿ ಮಾತ್ರ ಕೈಗೆ ಸಿಕ್ಕಿದ್ದೇ ಹತಾರ ಎನ್ನುವವರು. ಗ್ಯಾರೇಜಿನವರು ಒಂದು ಸರಿ ಮಾಡಿ ಇನ್ನೊಂದು ಕೆಡಿಸಿ ಕಳಿಸುತ್ತಾರೆ ಎಂಬ ಗುಮಾನಿ ಅವರಿಗೆ ಜನ್ಮದಿಂದ ಬಂದದ್ದು. ಅದಕ್ಕೆ ರಿಪೇರಿ ಎಲ್ಲ ಮನೆಯಲ್ಲೇ. ನಟ್ಟು ತಿರುವಲು ಅಡುಗೆಯ ಇಕ್ಕಳ, ಸ್ಕ್ರೂ ಬಿಚ್ಚಲು ಈಳಿಗೆಯ ತುದಿ, ಸಂದಿ ಕೆರೆಯಲು ನನ್ನ ಕಂಪಾಸು, ಗ್ರೀಸ್ ಒರೆಸಲು ಅವ್ವ ಮರುದಿನ ಉಡಬೇಕೆಂದು ಒಣಹಾಕಿದ ಸೀರೆ. ಬಿಚ್ಚಿದ ಸಾಮಾನು ಕಳೆದುಹೋಗಬಾರದು ಎಂದು ಜಾಣತನದಿಂದ ಅಡುಗೆ ಮನೆಯ ಡಬ್ಬಿಗಳಲ್ಲಿ ಹಾಕುತ್ತಿದ್ದರು. ಯಾವ ಡಬ್ಬಿ ಎಂಬುದನ್ನು ಮರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಸದಾ ಒಂದೆರಡು ನಟ್ಟು ಉಳಿಯುತ್ತಿದ್ದವು. ಅವು ಕಂಪನಿಯವರು ಹೆಚ್ಚಿಗೆ ಹಾಕಿದ್ದು ಎಂದು ಅಪ್ಪ ಹೇಳಿದರೆ ನಾನು ನಂಬುತ್ತಿದ್ದೆ.

ಆಗ ನಮ್ಮ ಮನೆಯಲ್ಲಿ ಒಂದೇ ಸೂರಿನ ಕೆಳಗೆ ಮೂರು ಬಗೆಯ ಸ್ವಚ್ಛತೆ ಇದ್ದವು. ಅಜ್ಜಿಯದು ಕಣ್ಣಿಗೆ ಕಾಣದ ಸ್ವಚ್ಛತೆ. ತಲೆಗೆ ನೀರು, ಒದ್ದೆ ಸೀರೆ, ಹಣೆ ತುಂಬ ವಿಭೂತಿ, ಇಷ್ಟಾದರೆ ಮುಗಿಯಿತು. ಮೂಲೆಯಲ್ಲಿ ಜೇಡರ ಬಲೆ ಇದ್ದರೆ ಅದು ಜೇಡದ ಮನೆ, ಅದಕ್ಕೂ ಜೀವ ಇದೆ ಎನ್ನುತ್ತಿದ್ದಳು. ಅವ್ವನದು ಕಸಬರಿಗೆಯ ಸ್ವಚ್ಛತೆ. ನೆಲದ ಮೇಲೆ ಅಂಗೈ ಒರೆಸಿ ನೋಡಿ, ಅಂಗೈ ನಮಗೆ ತೋರಿಸುತ್ತಿದ್ದಳು. ಅಪ್ಪನ ಪ್ರಕಾರ ಇಂಜಿನ್ನಿನ ಒಳಗೆ ಶುದ್ಧ ಇದ್ದರೆ ಆಯಿತು, ಹೊರಗೆ ಲೋಕ ಹೇಗಿದ್ದರೂ ನಡೆಯುತ್ತದೆ. ಈ ಮೂವರ ನಡುವೆ ನಾನು ಬೆಳೆದೆ. ನನ್ನ ಗಂಡ ಇವತ್ತಿಗೂ ನನ್ನನ್ನು "ಮೂರು ಮನೆಯ ಮಡಿಯವಳು" ಎಂದು ಕಾಡುತ್ತಾರೆ. ಕತ್ತರಿಯಿಂದ ಡಬ್ಬಿಯ ಮುಚ್ಚಳ ಎಬ್ಬಿಸಲು ಹೋದವರ ಕೈಯಿಂದ ನಾನು ಕತ್ತರಿ ಕಸಿದುಕೊಂಡದ್ದಿದೆ, ಅವರು ನೆಂಟರಾದರೂ ಸರಿ. ಈ ಗುಣ ನನಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಅಕ್ಕನ ಮೊದಲ ಹೆರಿಗೆಯ ಆ ವರ್ಷದ ಕಡೆಗೆ ಬೆರಳು ತೋರಿಸುತ್ತೇನೆ.

ಅಕ್ಕ ಗಿರಿಜಾಳನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಬತ್ತದ ಗದ್ದೆಗಳ ದೊಡ್ಡ ಮನೆತನ. ಅವಳ ಮಾವ ಪಂಪನಗೌಡರು, ಅತ್ತೆ ಈರಮ್ಮನವರು. ನಾಗರ ಪಂಚಮಿಗೆ ತವರಿಗೆ ಬಂದಾಗ ಅಕ್ಕ ಬಸುರಿ, ನಾಲ್ಕನೆಯ ತಿಂಗಳು ಮುಗಿದಿತ್ತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರೂ ಅವಳನ್ನು ಕೂರಿಸಲಿಲ್ಲ; ಅವಳ ಪಾಲಿನದನ್ನೂ ನಾನೇ ಜೀಕಿದೆ. ಹಬ್ಬ ಮುಗಿದ ಮೇಲೆ ಅಪ್ಪ ಅವಳನ್ನು ಕಾರಿನಲ್ಲಿ ಕಳಿಸಲು ಹೊರಟರು. ಜೊತೆಗೆ ನಾನು. ಅವ್ವ ಶೇಂಗಾ ಉಂಡಿ, ಜೋಳದ ರೊಟ್ಟಿ, ದೊಡ್ಡ ಡಬ್ಬಿ ತುಂಬ ಚಟ್ನಿ ಪುಡಿ ಕಟ್ಟಿಕೊಟ್ಟಳು. ತೆಕ್ಕಲಕೋಟೆ ದಾಟಿದ ಮೇಲೆ ಕಾರಿನೊಳಗೆ ಪೆಟ್ರೋಲಿನ ನಾತ ಹೊಡೆಯತೊಡಗಿತು. ಆಮೇಲೆ ಕಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲು ಹರಿಯುವ ನಳಿಗೆಯ ನಟ್ಟು ಸಡಿಲಾಗಿ ಸೋರುತ್ತಿತ್ತು. ಅಪ್ಪ ಅದನ್ನು ಎಷ್ಟೋ ವಾರದಿಂದ ಇಕ್ಕಳದಲ್ಲಿ ಹಿಡಿದು ತಿರುವಿ ತಿರುವಿ ಅದರ ಮೂಲೆಗಳೆಲ್ಲ ಸವೆದು, ಗೋಲಿಯ ಹಾಗೆ ಗುಂಡಗಾಗಿತ್ತು. ಯಾವುದರಿಂದ ಹಿಡಿದರೂ ಜಾರುತ್ತಿತ್ತು. ನೆರಳಿಲ್ಲದ ಕರಿಮಣ್ಣಿನ ಹೊಲಗಳ ನಡುವೆ ಅಕ್ಕ ಸೆರಗು ತಲೆಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಳು, ಎರಡು ಸಲ ವಾಂತಿ ಮಾಡಿಕೊಂಡಳು. ಕೊನೆಗೆ ಹುಲ್ಲಿನ ಬಂಡಿಯೊಂದು ಸಿಕ್ಕು, ನಾವು ಸಿರುಗುಪ್ಪ ಸೇರುವಾಗ ದೀಪ ಹಚ್ಚುವ ಹೊತ್ತು. ಬಸುರಿ ಹೆಣ್ಣುಮಗಳು ಹುಲ್ಲಿನ ಮೇಲೆ ಕೂತು ಮನೆಯ ಮುಂದೆ ಇಳಿದದ್ದನ್ನು ಓಣಿಯೆಲ್ಲ ನೋಡಿತು.

ಅಷ್ಟಕ್ಕೇ ಮುಗಿದಿದ್ದರೆ ಬೀಗರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಪಂಪನಗೌಡರು ನಗುವ ಮನುಷ್ಯ. ಆದರೆ ಮರುದಿನ ಬೆಳಿಗ್ಗೆ ಎಲ್ಲರೂ ರೊಟ್ಟಿ ತಿನ್ನಲು ಕೂತಾಗ, ಅವ್ವ ಕಳಿಸಿದ ಚಟ್ನಿ ಪುಡಿಗೆ ಮೊಸರು ಕಲಸಿಕೊಂಡು ಬಾಯಿಗಿಟ್ಟ ಈರಮ್ಮನವರು ಥಟ್ಟನೆ ದವಡೆ ಹಿಡಿದುಕೊಂಡರು. ಬಾಯಿಂದ ಹೊರಗೆ ಬಂದದ್ದು ಕಡಲೆಕಾಳಿನಷ್ಟು ದೊಡ್ಡ ನಟ್ಟು.

"ಇದೇನ್ರಿ ವಕೀಲರ, ಬಳ್ಳಾರಿ ಕಡೆ ಚಟ್ನಿಗೆ ಕಬ್ಬಿಣನೂ ಕುಟ್ಟಿ ಹಾಕ್ತಾರೇನು?" ಎಂದರು ಪಂಪನಗೌಡರು.

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಈರಮ್ಮನವರು ನಗಲಿಲ್ಲ. ನಟ್ಟನ್ನು ತಾಟಿನ ಅಂಚಿಗೆ ಇಟ್ಟು, ಕೈ ತೊಳೆದುಕೊಂಡು ಬಂದು, ದನಿ ಏರಿಸದೆ ಹೇಳಿದರು:

"ಮೊದಲನೇ ಹೆರಿಗಿ ತವರುಮನ್ಯಾಗ ಆಗೋದು ಪದ್ಧತಿ, ನನಗೂ ಗೊತ್ತೈತಿ. ಆದ್ರ ಬಾಣಂತಿ ಕೋಣಿ ಅಂದ್ರ ದೇವರ ಮನಿ ಇದ್ದಂಗ ಇರ್ಬೇಕ್ರಿ. ನಟ್ಟು ಬೋಲ್ಟು ಅಡಿಗಿ ಮನ್ಯಾಗ ತಿರುಗ್ಯಾಡೋ ಮನಿಗೆ ಹಸಗೂಸು ಹೆಂಗ ಬಿಡ್ಲಿ? ಹೆರಿಗಿ ಇಲ್ಲೇ ಆಗ್ಲಿ."

"ಕುಬುಸಕ್ಕ ಹೆಂಗೂ ಬರ್ತಾರಲ್ಲ, ಆವಾಗ ಮಾತಾಡೂಣು," ಎಂದು ಗೌಡರು ಮಾತು ಮುಗಿಸಿದರು. ಕುಬುಸ ಅಂದರೆ ಏಳನೆಯ ತಿಂಗಳಲ್ಲಿ ತವರಿನವರು ಸೀರೆ, ಕುಪ್ಪಸ, ಬಳೆ ತಂದು ಬಸುರಿಯನ್ನು ಹರಸುವ ಕಾರ್ಯ. ಅದು ಮುಗಿದ ಮೇಲೆಯೇ ಮಗಳನ್ನು ಹೆರಿಗೆಗೆ ಕರೆತರುವುದು. ದಾರಿಯಲ್ಲಿ ಬಿಟ್ಟ ಕಾರನ್ನು ಲಾರಿಗೆ ಕಟ್ಟಿಸಿ ಒಯ್ಯುವುದು ಎಂದಾಗಿ, ನಾವು ಹೊರಡುವಾಗ ಅಕ್ಕ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದಳು.

"ನೀಲಾ, ಅವ್ವನ ಮುಂದ ನಾನು ಹೆದರೀನಿ ಅಂತ ಹೇಳಬ್ಯಾಡ. ಬರ್ತೀನಿ ಅಂತ ಹೇಳು."

ನಾನು ಮನೆಗೆ ಬಂದವಳೇ ಎರಡನ್ನೂ ಹೇಳಿಬಿಟ್ಟೆ. ಅವ್ವ ಕೇಳಿಸಿಕೊಂಡಳು, ಅಳಲಿಲ್ಲ, ಕೂಗಾಡಲಿಲ್ಲ. ಅಡುಗೆ ಮನೆಗೆ ಹೋಗಿ ಒಂದೊಂದೇ ಡಬ್ಬಿಯನ್ನು ಮೊರದಲ್ಲಿ ಸುರಿದು ಕೇರತೊಡಗಿದಳು. ಸಾಸಿವೆಯಲ್ಲಿ ಒಂದು ಸ್ಪ್ರಿಂಗು, ಕಡಲೆಬೇಳೆಯಲ್ಲಿ ವಾಷರುಗಳು, ಬೆಲ್ಲದ ಡಬ್ಬಿಯ ತಳದಲ್ಲಿ ಜಿಡ್ಡಿನ ಬಟ್ಟೆ. ಎಲ್ಲವನ್ನೂ ಒಂದು ತಾಟಿನಲ್ಲಿ ಹಾಕಿ ಅಪ್ಪನ ಮುಂದೆ, ಊಟಕ್ಕೆ ಬಡಿಸುವ ಹಾಗೆ ಇಟ್ಟಳು. ಅಪ್ಪ ಕೋರ್ಟಿನಲ್ಲಿ ಸೋತ ದಿನ ಕೂಡುವ ಹಾಗೆ ಕೂತಿದ್ದರು.

"ಕುಬುಸಕ್ಕ ಬಾಡಗಿ ಕಾರು ಮಾಡೂಣು ಬಿಡು," ಎಂದರು.

"ಬಾಡಗಿ ಕಾರಿನ್ಯಾಗ ಹೋದ್ರ ನಮ್ಮ ಮನಿ ಇನ್ನೂ ಹಂಗ ಐತಿ ಅಂತ ನಾವ ಒಪ್ಪಿಕೊಂಡಂಗ. ನಾ ಕಾರು ಬ್ಯಾಡ ಅನ್ನಂಗಿಲ್ಲ. ಅಡಿಗಿಗೆ ಅಡಿಗಿ ಮನಿ ಐತಿ, ದೇವರಿಗೆ ದೇವರ ಮನಿ ಐತಿ. ಕಾರಿಗೂ ಒಂದು ಮನಿ ಮಾಡ್ರಿ. ಅಲ್ಲಿಂದ ಒಂದು ವಾಷರು ಒಳಗ ಬರಬಾರದು, ಒಳಗಿಂದ ಒಂದು ಚಮಚ ಅಲ್ಲಿಗೆ ಹೋಗಬಾರದು. ನನಗ ನನ್ನ ಮಗಳು ಬೇಕು."

ಅವ್ವ ಹಟ ಹಿಡಿದರೆ ಅದರಲ್ಲಿ ಅರ್ಧಮರ್ಧ ಎಂಬುದು ಇರಲಿಲ್ಲ. ಆ ಶನಿವಾರ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು, ನನ್ನ ಕೈ ಹಿಡಿದು ಕೌಲ್ ಬಜಾರಿಗೆ ಹೊರಟಳು. ಕಾರಿನ ನಟ್ಟುಗಳನ್ನು ಒಂದೊಂದು ಗಾತ್ರದ್ದು ಒಂದೊಂದರಂತೆ ಅಪ್ಪ ಬಿಚ್ಚಿಟ್ಟ ಸಾಮಾನಿನಿಂದ ಆರಿಸಿ, ಕರವಸ್ತ್ರದಲ್ಲಿ ಬೇರೆಬೇರೆ ಗಂಟು ಹಾಕಿಕೊಂಡಿದ್ದಳು. ಟೈರು, ಸರಪಳಿ, ಹಳೆಯ ಹತಾರಗಳು ಬಾಗಿಲಿನವರೆಗೆ ಪೇರಿಸಿಟ್ಟ ಅಂಗಡಿ. ಒಳಗೆ ಹೆಣ್ಣುಮಕ್ಕಳು ಕಾಲಿಟ್ಟ ಗುರುತೇ ಇರಲಿಲ್ಲ. ಅಂಗಡಿಯ ಸಾಬರು ಮೊದಲು ನಾವು ದಾರಿ ತಪ್ಪಿ ಬಂದೆವು ಎಂದುಕೊಂಡರು. ಅವ್ವ ಒಂದೊಂದೇ ಗಂಟು ಬಿಚ್ಚಿ, ನಟ್ಟನ್ನು ಪಾನಾದ, ಅಂದರೆ ಸ್ಪ್ಯಾನರಿನ, ಬಾಯಲ್ಲಿ ಕೂರಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಸ್ವಲ್ಪ ಟಕಟಕ ಎಂದರೂ ಬೇರೆಯದು ಕೊಡಿ ಎಂದಳು. ಕೊಡ ಕೊಳ್ಳುವಾಗಲೂ ಅವಳು ಹೀಗೇ.

"ಅಮ್ಮಾ, ಮನ್ಯಾಗ ಮೆಕ್ಯಾನಿಕ್ ಯಾರದಾರ?" ಎಂದು ಸಾಬರು ಕೇಳಿದರು.

"ಯಾರೂ ಇಲ್ರಿ. ಅದಕ ನಾ ಬಂದೀನಿ."

ತಮ್ಮನ್ನು ಕೇಳದೆ ತಮಗೆ ಹತಾರ ತಂದರೆಂದು ಅಪ್ಪ ಎರಡು ದಿನ ಮುಖ ಊದಿಸಿಕೊಂಡರು. ಮೂರನೆಯ ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಚಕ್ರದ ಹತ್ತಿರದ ಒಂದು ನಟ್ಟಿಗೆ ಹೊಸ ಪಾನಾ ಹಾಕಿದರು. ವರ್ಷಗಟ್ಟಲೆ ಸುತ್ತಿಗೆ ಏಟಿಗೂ ಜಗ್ಗದಿದ್ದ ನಟ್ಟು ಮಾತು ಕೇಳುವ ಮಗುವಿನ ಹಾಗೆ ತಿರುಗಿತು. ಅಪ್ಪ ಅದನ್ನು ಮತ್ತೆ ಬಿಗಿದರು, ಮತ್ತೆ ಸಡಿಲಿಸಿದರು, ಮತ್ತೆ ಬಿಗಿದರು. ಕಿಟಕಿಯಲ್ಲಿದ್ದ ಅವ್ವ ನನ್ನ ಬಾಯಿ ಮುಚ್ಚಿದಳು. ನಗು ಅವಳಿಗೇ ತಡೆಯಲಾಗಿರಲಿಲ್ಲ.

ಕೊಟ್ಟಿಗೆ ಖಾಲಿ ಮಾಡಿದೆವು. ಮೂತಿ ಒಳಗೆ ಸೇರುವಷ್ಟು ಕಾರನ್ನು ತಂದು ನಿಲ್ಲಿಸಲು ಜಾಗ ಆಯಿತು. ಗೋಡೆಗೆ ಸುಣ್ಣ ಬಳಿಸಿ ಅವ್ವ ನೆಲವನ್ನು ಸಗಣಿಯಿಂದ ಸಾರಿಸಿದಳು. ಅಪ್ಪ ಒಣಗಿದ ನೆಲದ ಮೇಲೆ ಕಾಲು ಒರೆಸಿ, ಎದ್ದ ಹುಡಿಯನ್ನು ತೋರಿಸಿ, "ಇದು ನಿನಗ ಸ್ವಚ್ಛ, ಇಂಜಿನ್ನಿಗೆ ಮಣ್ಣು," ಎಂದರು. ಸಗಣಿಯನ್ನು ಮಣ್ಣು ಎಂದದ್ದಕ್ಕೆ ಅಜ್ಜಿ ಸಿಟ್ಟಾದಳು. ಅಜ್ಜನ ಎಮ್ಮೆ ಕಟ್ಟಿದ ಜಾಗವನ್ನು ಕಾರಿಗೆ ಕೊಟ್ಟದ್ದೇ ಅವಳಿಗೆ ಸರಿಬಂದಿರಲಿಲ್ಲ. ತಾನು ಆ ಕಡೆ ಕಾಲಿಡುವುದಿಲ್ಲ ಎಂದು ಹೇಳಿ ದೇವರ ಮನೆ ಸೇರಿದಳು. ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಪರಸಿ ಕಲ್ಲುಗಳನ್ನು ತಂದು ಹಾಸಿದ್ದಾಯಿತು. ಅದರ ಮೇಲೆ ನೀರು ಹಾಕಿ ತೊಳೆದರೆ ಅವ್ವನಿಗೂ ಸ್ವಚ್ಛ, ಅಪ್ಪನಿಗೂ ಸ್ವಚ್ಛ. ಬಿಳಿ ಗೋಡೆಗೆ ಮೊಳೆ ಹೊಡೆದು ಹತಾರ ತೂಗುಹಾಕಿ, ಪ್ರತಿಯೊಂದರ ಸುತ್ತ ನಾನು ಇದ್ದಿಲಿನಿಂದ ಗೆರೆ ಎಳೆದೆ. ಯಾವುದಾದರೂ ಮೊಳೆಯ ಮೇಲೆ ಇರದಿದ್ದರೆ ಅದರ ಖಾಲಿ ಆಕಾರ ಗೋಡೆಯ ಮೇಲೆ ಎದ್ದು ಕಾಣುತ್ತಿತ್ತು. ಬಿಚ್ಚಿದ ಸಾಮಾನಿಗೆ ಒಂದು ಬಿಳಿ ಧೋತರ. ಅದರ ಮೇಲೆ ಜೋಡಿಸುವ ಕ್ರಮವನ್ನು ಅವ್ವನೇ ಹೇಳಿಕೊಟ್ಟಳು, ಅದೂ ಊಟದ ಎಲೆಯ ಲೆಕ್ಕದಲ್ಲಿ.

"ಮೊದಲು ಬಿಚ್ಚಿದ್ದು ಉಪ್ಪಿನ ಜಾಗಕ್ಕ ಇಡ್ರಿ. ಅದರ ಮಗ್ಗಲಿಗೆ ಉಪ್ಪಿನಕಾಯಿ, ಆಮ್ಯಾಲೆ ಪಲ್ಯ. ಕೊನೀಗೆ ಬಿಚ್ಚಿದ್ದು ಅನ್ನದ ಜಾಗಕ್ಕ. ಹೊಳ್ಳಿ ಹಾಕುಮುಂದ ಅನ್ನದಿಂದ ಉಪ್ಪಿಗೆ ಬರ್ರಿ. ತಪ್ಪಂಗಿಲ್ಲ."

ಅಪ್ಪ ನಕ್ಕರು. ನಕ್ಕು ಹಾಗೇ ಮಾಡಿದರು. ಅಂದಿನಿಂದ ಕೆಲಸ ಮುಗಿದ ಮೇಲೆ ಒಂದು ನಟ್ಟೂ ಹೆಚ್ಚಿಗೆ ಉಳಿಯಲಿಲ್ಲ. ಆ ದಿನಗಳು ನನಗೆ ಬಹಳ ಇಷ್ಟ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದ ಅಪ್ಪ, ಅಡುಗೆ ಮನೆಯಲ್ಲಿ ತನ್ನ ಇಕ್ಕಳ ತನ್ನ ಕೈಯಲ್ಲೇ ಇರುವ ಅವ್ವ, ಬೇಳೆ ಹೊತ್ತದ ಮನೆ. ಪೆಟ್ರೋಲಿನ ನಳಿಗೆ ಸರಿಹೋಯಿತು, ಬ್ರೇಕು ಸರಿಹೋಯಿತು. ಉಳಿದಿದ್ದದ್ದು ಒಂದೇ. ಏರು ಬಂದರೆ ಕಾರು ಮುಗ್ಗರಿಸುತ್ತಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರನ್ನು ಬಿಚ್ಚಿ ತೊಳೆದರೆ ಅದೂ ಹೋಗುತ್ತದೆ ಎಂದು ಅಪ್ಪ ಲೆಕ್ಕ ಹಾಕಿದರು. ಕುಬುಸ ಗೊತ್ತಾಗಿದ್ದು ದಸರಾ ಮುಗಿದ ಮೇಲಿನ ಸೋಮವಾರಕ್ಕೆ.

ಆಯುಧ ಪೂಜೆಯ ದಿನ ಕೋರ್ಟಿಗೆ ರಜೆ. ಅಪ್ಪ ನಸುಕಿನಲ್ಲೇ ಎದ್ದು ಕಾರ್ಬುರೇಟರನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಪೆಟ್ರೋಲಿನಲ್ಲಿ ತೊಳೆದು, ಧೋತರದ ಮೇಲೆ ಉಪ್ಪಿನಿಂದ ಅನ್ನದವರೆಗೆ ಜೋಡಿಸಿ, ಆರಲಿ ಎಂದು ಬಿಟ್ಟು ಸ್ನಾನಕ್ಕೆ ಹೋದರು. ಆಮೇಲೆ ಲಿಂಗಪೂಜೆಗೆ ಕೂತರು. ಅಷ್ಟರಲ್ಲಿ ಅಜ್ಜಿ ಹೂ ಕೊಯ್ಯಲು ಅಂಗಳಕ್ಕೆ ಬಂದವಳು, ಒಂದು ತಿಂಗಳಿಂದ ತಿರುಗಿ ನೋಡದಿದ್ದ ಕೊಟ್ಟಿಗೆಯ ಒಳಗೆ ಇಣುಕಿದಳು. ತೊಳೆದ ಕಲ್ಲು, ಹಾಸಿದ ಬಿಳಿ ಧೋತರ, ಅದರ ಮೇಲೆ ಎಡೆ ಬಡಿಸಿದ ಹಾಗೆ ಸಾಲಾಗಿ ಹೊಳೆಯುವ ಹಿತ್ತಾಳೆಯ ಪುಟ್ಟ ಪುಟ್ಟ ಸಾಮಾನು, ಗೋಡೆಯ ಮೇಲೆ ಹೊಸ ಹತಾರ. ಆಯುಧ ಪೂಜೆಯ ಬೆಳಗಿನಲ್ಲಿ ಅದನ್ನು ಕಂಡ ಅಜ್ಜಿ ಇನ್ನೇನು ತಿಳಿದುಕೊಂಡಾಳು? ಮಗನಿಗೆ ಕೊನೆಗೂ ಬುದ್ಧಿ ಬಂದು ಪೂಜೆಗೆ ಅಣಿಮಾಡಿಟ್ಟಿದ್ದಾನೆ ಎಂದೇ ಅವಳು ನಂಬಿದಳು. ವಿಭೂತಿಯ ಗಟ್ಟಿ ತಂದು, ಅಂಗೈಯಲ್ಲಿ ನೀರು ಹಾಕಿಕೊಂಡು ತೇಯ್ದು, ಒಂದೊಂದು ಭಾಗಕ್ಕೂ ಮೂರು ಬೆರಳಿನಿಂದ ಪಟ್ಟೆ ಎಳೆದಳು. ಬೆರಳು ಹಿಡಿಸದಷ್ಟು ಚಿಕ್ಕವನ್ನು ಅಂಗೈಯ ವಿಭೂತಿ ನೀರಿನಲ್ಲೇ ಅದ್ದಿ ತೆಗೆದಳು. ಕುಂಕುಮ, ಪತ್ರಿ, ಹೂವು. ಕಾಯಿ ಒಡೆದು, ಊದುಬತ್ತಿ ಬೆಳಗಿದಳು. ಅಪ್ಪ ಬರುವಾಗ ಅವಳು ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು.

"ಎಷ್ಟು ಚೆಂದ ಹೊಂದಿಸೀಯಪ್ಪ. ನಿಮ್ಮಪ್ಪ ನೋಡಬೇಕಾಗಿತ್ತು."

ಅಪ್ಪ ಧೋತರದ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. "ಹೂನವ್ವಾ," ಎಂದರು. ನಮ್ಮಲ್ಲಿ ಪೂಜೆ ಮಾಡಿದ ಹತಾರವನ್ನು ದಶಮಿ ಮುಗಿಯುವವರೆಗೆ ಕದಲಿಸುವಂತಿಲ್ಲ. ಹೀಗಾಗಿ ಎರಡು ದಿನ ಆ ವಿಭೂತಿ ಅಲ್ಲೇ ಒಣಗಿ ಗಟ್ಟಿಯಾಯಿತು. ಭಾನುವಾರ ಬೆಳಿಗ್ಗೆ ಅಪ್ಪ ಎಲ್ಲವನ್ನೂ ಒರೆಸಿ, ಪೆಟ್ರೋಲಿನಲ್ಲಿ ಮತ್ತೆ ತೊಳೆದು, ಅನ್ನದಿಂದ ಉಪ್ಪಿಗೆ ಬಂದು ಜೋಡಿಸಿದರು. ಕಾರು ಶುರುವಾಯಿತು. ವೇಗ ಕೊಟ್ಟ ಕೂಡಲೇ ಉಸಿರು ಕಟ್ಟಿದಂತೆ ಸತ್ತುಹೋಯಿತು. ಮತ್ತೆ ಶುರು, ಮತ್ತೆ ಸಾವು. ಮರುದಿನ ಕುಬುಸ. ಅವ್ವ ಒಲೆ ಬಿಟ್ಟು ಓಡಿಬಂದಳು. ಅಪ್ಪ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಪೆಟ್ರೋಲು ಹಾಯಬೇಕಾದ, ಸೂಜಿಯ ಕಣ್ಣಿನಷ್ಟು ಸಣ್ಣ ತೂತಿನ ತುಂಬ ಬೆಳ್ಳಗೆ ಕೂತಿತ್ತು.

"ಇಬತ್ತಿ," ಎಂದರು ಅಪ್ಪ.

ಅವ್ವ ಎರಡು ತಿಂಗಳಿಂದ ಬಿಗಿಹಿಡಿದಿದ್ದದ್ದೆಲ್ಲ ಆಗ ಬಾಯಿಗೆ ಬಂತು.

"ದೇವರ ಇಬತ್ತಿ ಆದ್ರೇನು, ಇಲ್ಲಿ ಅದು ಹೊಲಸ. ಈ ಹೊಲಸಿನ ಸಲುವಾಗಿ ನನ್ನ ಮಗಳು ಅಲ್ಲೇ ಉಳೀಬೇಕೇನು?"

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕಾರು ಶುರುವಾದ ಸದ್ದು ಕೇಳಿ ಸಂತೋಷಪಡಲು ಬಂದಿದ್ದಳು, ಪಾಪ. ಹಣೆ ಮುಟ್ಟಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಅಜ್ಜಿಗೆ ಯಾರೂ ಹಾಗೆ ಅಂದದ್ದೇ ಇರಲಿಲ್ಲ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವ್ವನಿಗೆ ಬರಲಿಲ್ಲ. ಇಷ್ಟರಲ್ಲಿ ಅಪ್ಪ ಗಡಿಬಿಡಿಯಲ್ಲಿ ನನ್ನ ಲಂಗದ ಪಿನ್ನು ಕಿತ್ತುಕೊಂಡು ತೂತಿಗೆ ಚುಚ್ಚಲು ಹೊರಟಿದ್ದರು. ಅವ್ವ ಅವರ ಮಣಿಕಟ್ಟು ಹಿಡಿದಳು.

"ಪಿನ್ನು ಹಾಕಿದ್ರ ಏನಾಗ್ತೈತ್ರಿ?"

"ತೂತು ದೊಡ್ಡದಾಗಬಹುದು. ಆಮ್ಯಾಲೆ ಪೆಟ್ರೋಲು ಬೇಕಾಬಿಟ್ಟಿ ಕುಡೀತೈತಿ."

"ಗೊತ್ತಿದ್ದೂ ಯಾಕ ಚುಚ್ತೀರಿ? ಇಬತ್ತಿ ಪೆಟ್ರೋಲಿಗೆ ಕರಗಂಗಿಲ್ಲ, ನೀರಿಗೆ ಕರಗತೈತಿ. ಕೊಡ್ರಿ ಇಲ್ಲಿ."

ಬಿಸಿನೀರಿನಲ್ಲಿ ನೆನೆಹಾಕಿ, ಪಕ್ಕದ ಮನೆಯಿಂದ ಸೈಕಲ್ ಪಂಪು ತಂದು ಗಾಳಿ ಹೊಡೆದೆವು. ಅಪ್ಪ ಹಿಡಿದರು, ನಾನು ಹೊಡೆದೆ, ಅವ್ವ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ನೆನೆಹಾಕು, ಮತ್ತೆ ಹೊಡಿ. ಮಧ್ಯಾಹ್ನ ದಾಟಿದ ಮೇಲೆ ತೂತಿನ ಆಚೆಯಿಂದ ಆಕಾಶ ಕಂಡಿತು. ಸಂಜೆ ಕಾರು ಶುರುವಾಗಿ, ವೇಗ ಕೊಟ್ಟರೂ ಒಂದೇ ಸಮನೆ ನಡೆಯಿತು. ಹಾಗೆ ಅದು ನಡೆದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಕುಣಿದಾಡಬೇಕಾದ ಹೊತ್ತು, ಆದರೆ ಅಜ್ಜಿ ಊಟ ಮಾಡಿರಲಿಲ್ಲ. ಅವ್ವ ತಾಟು ಹಿಡಿದು ಹೋದಳು.

"ಅತ್ತಿ, ಉಣ್ಣಾಕ ಏಳ್ರಿ."

"ನಿನ್ನ ಮಡಿ ನಿನಗಿರ್ಲಿ, ನನ್ನ ಮಡಿ ನನಗಿರ್ಲಿ," ಎಂದು ಅಜ್ಜಿ ಗೋಡೆಯ ಕಡೆ ತಿರುಗಿದಳು.

ಸೋಮವಾರ ಬೆಳಿಗ್ಗೆ ಹೊರಟೆವು. ಅಜ್ಜಿ ಬರುವುದಿಲ್ಲವೇನೋ ಎಂದು ಎಲ್ಲರಿಗೂ ಅಳುಕಿತ್ತು. ಬಂದಳು, ಕಿಟಕಿಯ ಪಕ್ಕ ಕೂತು ಮುಖ ಹೊರಗೆ ಹಾಕಿದಳು. ಕುರುಗೋಡು ಅವಳ ತವರು. ಆ ಕಡೆ ಸುತ್ತುಹಾಕಿಕೊಂಡು ಹೋಗಿ, ಅಲ್ಲಿನ ದೊಡ್ಡ ಬಸವಣ್ಣನ ಮುಂದೆ ಕಾರು ನಿಲ್ಲಿಸಿದೆವು. ಅಜ್ಜಿ ಇಳಿದು ಹೋಗಿ ಬಹಳ ಹೊತ್ತು ಕೈಮುಗಿದು ನಿಂತಳು. ಪ್ರಸಾದ ತಂದು ಅಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು. ಇನ್ನಷ್ಟನ್ನು ನನ್ನ ಕೈಗೇ ಹಾಕಿ, "ನಿಮ್ಮವ್ವಗ ಕೊಡು," ಎಂದಳು. ಅವ್ವ ಅವಳ ಮಗ್ಗುಲಲ್ಲೇ ಕೂತಿದ್ದಳು. ಕಾರು ಏರಿನಲ್ಲಿ ಮುಗ್ಗರಿಸಲಿಲ್ಲ. ಬಂಡೆಗುಡ್ಡಗಳು ಹಿಂದಾಗಿ, ಕಾಲುವೆ ನೀರಿನ ಹಸಿರು ಗದ್ದೆಗಳು ಬಂದವು. ಮಗಳು ಬರುತ್ತಾಳೋ ಇಲ್ಲವೋ ಎಂದು ಅವ್ವ ಉಡಿ ತುಂಬುವ ಸಾಮಾನಿನ ಗಂಟನ್ನು ದಾರಿಯುದ್ದಕ್ಕೂ ಎದೆಗೆ ಒತ್ತಿ ಹಿಡಿದಿದ್ದಳು.

ಪಂಪನಗೌಡರು ಕಾರಿನ ಸುತ್ತ ಒಂದು ಸುತ್ತು ಬಂದು, "ಹುಲ್ಲಿನ ಬಂಡಿ ಎಲ್ಲಿ ಬಿಟ್ಟು ಬಂದ್ರಿ ವಕೀಲರ?" ಎಂದು ನಕ್ಕರು. ಅಕ್ಕನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಉಡಿ ತುಂಬಿದರು. ಅಕ್ಕ ದಪ್ಪಗಾಗಿದ್ದಳು, ಚೆಂದ ಕಾಣುತ್ತಿದ್ದಳು, ಕಣ್ಣು ಮಾತ್ರ ಅವ್ವನ ಮೇಲೇ ಇತ್ತು. ಊಟ ಮುಗಿದು ಎಲೆ ಅಡಿಕೆಗೆ ಕೂತಾಗ ಅಪ್ಪ ಗಂಟಲು ಸರಿಮಾಡಿಕೊಂಡು, ಕೊಟ್ಟಿಗೆ ತೊಳೆಸಿದ್ದು, ಹತಾರ ತಂದದ್ದು, ಎಲ್ಲವನ್ನೂ ನ್ಯಾಯಾಧೀಶರ ಮುಂದೆ ಹೇಳುವ ಹಾಗೆ ಒಂದೊಂದಾಗಿ ಹೇಳತೊಡಗಿದರು. ಈರಮ್ಮನವರು ಎಲ್ಲವನ್ನೂ ಕೇಳಿದರು.

"ಕಾರು ಛಲೋ ಬಂತು, ಸಂತೋಷ. ಆದ್ರ ನಾ ಅವತ್ತೂ ಕಾರಿನ ಮಾತು ಆಡಿದ್ದಿಲ್ರಿ. ಮನಿ ಮಾತು ಆಡಿದ್ದೆ. ನೀವು ನಿಮ್ಮ ಮನಿ ಹೊಗಳ್ಕೋತೀರಿ, ಅದು ಎಲ್ಲಾರೂ ಮಾಡ್ತಾರ."

ಅವ್ವ ನೆಲ ನೋಡುತ್ತಿದ್ದಳು. ಆಗ ಅಜ್ಜಿ, ನಿನ್ನೆಯಿಂದ ನಾಲ್ಕು ಮಾತು ಆಡದಿದ್ದವಳು, ಗೋಡೆಗೆ ಒರಗಿದಲ್ಲಿಂದಲೇ ಬಾಯಿ ಬಿಟ್ಟಳು.

"ನಾ ಹೊಗಳಂಗಿಲ್ಲವ್ವ. ನಾ ಬೈಯಾಕ ಬಂದೀನಿ. ಆಯುಧ ಪೂಜಿ ದಿವಸ ಕಾರಿನ ಸಾಮಾನಿಗೆ ನಾನು ಇಬತ್ತಿ ಹಚ್ಚಿದೆ. ಅದು ತೂತಿನ್ಯಾಗ ಕೂತು ಕಾರು ನಿಂತಿತು. ಈಕಿ ಏನಂದ್ಲು ಕೇಳ್ರಿ. ದೇವರ ಇಬತ್ತಿ ಆದ್ರೂ ಇಲ್ಲಿ ಹೊಲಸ ಅಂದ್ಲು. ಅರವತ್ತು ವರ್ಷದಿಂದ ಹಣಿಗೆ ಹಚ್ಚಿಕೊಂಡು ಬಂದ ಇಬತ್ತಿ. ನನ್ನ ಎದುರಿಗೇ ಅಂದ್ಲು."

ಈರಮ್ಮನವರು ಅವ್ವನ ಕಡೆ ತಿರುಗಿದರು.

"ಖರೇನ ಹಂಗ ಅಂದ್ರೇನು?"

"ಅಂದೆ," ಎಂದಳು ಅವ್ವ. ಮತ್ತೆ ನಿಧಾನಕ್ಕೆ, "ಅತ್ತಿಗೆ ಅನ್ನಬಾರದಿತ್ತು," ಎಂದಳು.

"ಯಾಕ ಅನ್ನಬಾರದು?" ಅಜ್ಜಿಯ ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಕುರುಗೋಡು ಬಸವಣ್ಣನ ಮುಂದ ನಿಂತು ನಾನೂ ವಿಚಾರ ಮಾಡೀನಿ. ಹಣಿ ಮ್ಯಾಲೆ ಇದ್ರ ಇಬತ್ತಿ, ಆ ತೂತಿನ್ಯಾಗ ಹೊಲಸ. ಆಕಿ ಹೇಳಿದ್ದು ಖರೆ ಐತಿ. ಈರಮ್ಮ, ಮಗಳ ಸಲುವಾಗಿ ದೇವರ ಇಬತ್ತಿನ ತೊಳದು ಹಾಕಿದಾಕಿ ಈಕಿ. ಬಾಣಂತಿ ಕೋಣ್ಯಾಗ ಧೂಳು ಬಿಡ್ತಾಳೇನು?"

ಅವ್ವನಿಗೆ ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು. ಎಲ್ಲರ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು, ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಅತ್ತಳು. ಅಜ್ಜಿ ಆ ಕೈಯನ್ನು ತೆಗೆಯಲಿಲ್ಲ. ಈರಮ್ಮನವರು ಇಬ್ಬರನ್ನೂ ನೋಡಿದರು, ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದರು:

"ಗಿರಿಜಾ, ಬಿಸಲು ಇಳಿದ ಮ್ಯಾಲೆ ಹೊಂಡಾಕ ಅಡ್ಡಿಯಿಲ್ಲ. ಹೋಗು, ಟ್ರಂಕಿನ್ಯಾಗ ನಿನ್ನ ಸೀರಿ ತುಂಬಿಕೋ."

ಅಕ್ಕ ಕೂತಲ್ಲಿಂದ ಏಳಲಿಲ್ಲ.

"ಮುಂಜಾನೇನ ತುಂಬಿಟ್ಟೀನ್ರಿ, ಅತ್ತಿ," ಎಂದಳು.